ಫೋಟೊದ ಮೇಲೆ ಹೂ ಬರೆಯುತ್ತಿದ್ದವರು

ಶ್ರದ್ಧಾಂಜಲಿ ಬ್ಯಾನರಿಗೆ ಬೇಕಾಗಿದ್ದದ್ದು ನೆಟ್ಟಗಿರುವ ಒಂದು ಫೋಟೊ, ಅಷ್ಟೆ. ತೀರಿಕೊಂಡವರ ಅಣ್ಣನ ಮಗ, ನಲವತ್ತು ದಾಟಿದ ಗೃಹಸ್ಥ, ನನ್ನ ಅಂಗಡಿಯ ಕೌಂಟರಿನ ಮೇಲೆ ಮೊಬೈಲ್ ಇಟ್ಟುಕೊಂಡು ಒಂದೊಂದೇ ಫೋಟೊ ಸರಿಸುತ್ತಾ ಹೋದರು. ಎಲ್ಲದರಲ್ಲೂ ಅವರ ಚಿಕ್ಕಪ್ಪ ಬಗ್ಗಿಕೊಂಡೇ ಇದ್ದರು. ಮಂಟಪದ ಕಂಬಕ್ಕೆ ಸೇವಂತಿಗೆ ಸುತ್ತುತ್ತಾ, ಬಕೆಟ್ಟಿನಿಂದ ಜರ್ಬೆರಾ ಎತ್ತುತ್ತಾ, ಬಾಯಲ್ಲಿ ದಾರದ ತುದಿ ಕಚ್ಚಿಕೊಂಡು.

"ಚಿಕ್ಕಪ್ಪ ತಲೆ ಎತ್ತಿರೋದು ಒಂದೂ ಇಲ್ವಲ್ಲ ಮೇಡಂ" ಎಂದರು.

ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿದೆ. ಅದರಲ್ಲಿ ಅವರು ಯಾವುದೋ ಪೊಲೀಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದವರ ಹಾಗಿದ್ದರು. ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ತಿಳಿಮಾಡಿದೆ, ಕೂದಲು ಸರಿಮಾಡಿದೆ. ಹಿಂದೆ ಏನು ಹಾಕಲಿ ಎಂದು ಕೇಳಿದ್ದಕ್ಕೆ "ಅವರು ನಿಮ್ ಅಂಗಡೀಲಿ ಹೂವಿನ ಪೇಂಟಿಂಗ್ ಮಾಡ್ತಿದ್ರಂತಲ್ಲ, ಅದ್ರಲ್ಲಿ ಯಾವುದಾದ್ರೂ ಹಾಕಿ" ಎಂದರು. ನಾನು ಅವರ ಚಿತ್ರಗಳ ಫೋಲ್ಡರ್ ತೆರೆಯಲಿಲ್ಲ. ತಿಳಿನೀಲಿ ಬಣ್ಣ ಹಾಕಿ ಕೊಟ್ಟೆ.

ನನ್ನದು ಬಸವೇಶ್ವರನಗರದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಪಾಸ್‌ಪೋರ್ಟ್ ಫೋಟೊ, ಗೃಹಪ್ರವೇಶದ ಕಾರ್ಡು, ಹಳೆಯ ಫೋಟೊ ಸರಿಪಡಿಸುವುದು, ಕ್ಯಾನ್ವಾಸ್ ಪ್ರಿಂಟು, ಹೀಗೆ ನಡೆಯುತ್ತದೆ. ಅವರು ಮೊದಲ ಸಲ ಬಂದಾಗ ಮದುವೆ ಮಂಟಪಗಳ ಹೂವಿನ ಅಲಂಕಾರ ಮಾಡುವವರಾಗಿದ್ದರು. ಪಾರ್ಟಿಗಳಿಗೆ ತೋರಿಸಲು ಒಂದು ಆಲ್ಬಮ್ ಬೇಕಿತ್ತು. ಫೋನ್ ತೆರೆದು ಕೊಟ್ಟರು. ಮಂಟಪ, ಮಂಟಪ, ಮಂಟಪ. ಒಂದರಲ್ಲೂ ಮನುಷ್ಯರಿಲ್ಲ.

"ಹೆಣ್ಣು ಗಂಡು ಇರೋ ಫೋಟೊ ಇಲ್ವಾ ಅಣ್ಣಾ? ಅದನ್ನ ನೋಡಿದ್ರೆ ಜನಕ್ಕೆ ಇಷ್ಟ ಆಗುತ್ತೆ" ಎಂದೆ.

"ಜನ ಬಂದ್ಮೇಲೆ ಅದು ಅವ್ರ ಮದುವೆ ಕಣಮ್ಮ. ಬರೋಕ್ ಮುಂಚೆ ಒಂದ್ ಹತ್ತು ನಿಮಿಷ ನಂದು. ಆ ಹತ್ತು ನಿಮಿಷದ್ದು ಮಾತ್ರ ತೆಗ್ದಿದೀನಿ."

ನಾಗರಬಾವಿ ಕಡೆಯ ಹಳೇ ಊರಿನವರು. ಅವರ ಅಪ್ಪ ಹೂ ಬೆಳೆಯುತ್ತಿದ್ದ ಹೊಲ ಈಗ ಲೇಔಟು. ಯಾವ ಕ್ರಾಸಿನಲ್ಲಿ ಸುಗಂಧರಾಜ ಇತ್ತು, ಯಾವ ಪಾರ್ಕಿನ ಮೂಲೆಯಲ್ಲಿ ಬಾವಿ ಇತ್ತು ಎಂದು ಹೇಳಬಲ್ಲವರಾಗಿದ್ದರು. ಆದರೆ ಅದನ್ನು ದುಃಖದಿಂದೇನೂ ಹೇಳುತ್ತಿರಲಿಲ್ಲ. ದಾರಿ ಹೇಳುವವರ ಹಾಗೆ ಹೇಳುತ್ತಿದ್ದರು.

ಅವರ ಹೆಂಡತಿಯನ್ನು ನಾನು ನೋಡಿದ್ದು ಎರಡೋ ಮೂರೋ ಸಲ. ಆಲ್ಬಮ್ ಕೊಂಡೊಯ್ಯಲು ಬಂದ ದಿನ ಆಕೆ ಹೊರಗೆ ಸ್ಕೂಟರಿನ ಮೇಲೇ ಕೂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಮಡಿಲಲ್ಲಿ ಬಿಡಿ ಹೂವಿತ್ತು. ರಸ್ತೆಯ ಕಡೆ ನೋಡುತ್ತಲೇ ಕಟ್ಟುತ್ತಿದ್ದರು, ಕೈ ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. ಮಂಟಪದ ಹಾರ, ದಂಡೆ, ಜಡೆ ಎಲ್ಲ ಆಕೆಯದು. ಕಂಬ, ಚಪ್ಪರ, ಹಿಂದಿನ ಗೋಡೆಯ ಅಲಂಕಾರ ಇವರದು. ಮಕ್ಕಳಿರಲಿಲ್ಲ. ಇಬ್ಬರ ನಡುವೆ ಮಾತೂ ಅಷ್ಟಾಗಿ ಇದ್ದ ಹಾಗೆ ಕಾಣಲಿಲ್ಲ. ಇವರು ಕೈ ಚಾಚಿದರೆ ಆಕೆ ಬೇಕಾದ್ದನ್ನು ಕೊಡುತ್ತಿದ್ದರು.

ಕೊರೊನಾದ ಎರಡನೇ ಅಲೆಯಲ್ಲಿ ಇಬ್ಬರಿಗೂ ಬಂತು. ಇವರು ಮನೆಯಲ್ಲೇ ಇದ್ದು ಎದ್ದರು. ಆಕೆಯನ್ನು ಆಸ್ಪತ್ರೆಗೆ ಸೇರಿಸಿದ ಆರನೇ ದಿನ ಫೋನ್ ಬಂತಂತೆ. ಈ ವಿಷಯ ಅವರು ನನ್ನ ಹತ್ತಿರ ಒಂದೇ ಸಲ ಹೇಳಿದ್ದು. ನಾನೂ ಮತ್ತೆ ಕೇಳಲಿಲ್ಲ.

ಮಾರ್ಕೆಟ್ ಮುಚ್ಚಿತ್ತು. ಗುರುತಿನ ರೈತರೊಬ್ಬರ ತೋಟಕ್ಕೆ ಹೋಗಿ, ಕೊಳ್ಳುವವರಿಲ್ಲದೆ ಗಿಡದಲ್ಲೇ ಬಾಡುತ್ತಿದ್ದ ಸುಗಂಧರಾಜ ಒಂದು ಚೀಲ ಕಿತ್ತುಕೊಂಡು ನೇರ ಚಿತಾಗಾರಕ್ಕೆ ಹೋದರು. ಗೇಟಿನ ಹೊರಗೆ ಆಂಬುಲೆನ್ಸುಗಳ ಸಾಲು. ಯಾವುದರಲ್ಲಿ ತನ್ನ ಹೆಂಡತಿ ಇದ್ದಾಳೆ ಎಂದು ಗೊತ್ತಾಗುವುದಕ್ಕೇ ಒಂದು ಗಂಟೆ ಹಿಡಿಯಿತು. ಮೈಪೂರ್ತಿ ಪ್ಲಾಸ್ಟಿಕ್ ಬಟ್ಟೆ ಹಾಕಿಕೊಂಡ ಒಬ್ಬರು ಬಂದು, "ದೂರ ನಿಂತ್ಕೊಳ್ಳಿ ಸಾರ್, ಏನೂ ಹಾಕಂಗಿಲ್ಲ" ಎಂದರು. ಇವರು ಚೀಲ ತೋರಿಸಿ, ಹೂವು ಅಷ್ಟೆ ಎಂದರು. "ಗೊತ್ತಾಯ್ತು ಸಾರ್. ಹಿಂದೆ ನೋಡಿ, ಎಷ್ಟು ಗಾಡಿ ಐತೆ."

"ಅವರದ್ದು ತಪ್ಪಿಲ್ಲ ಕಣಮ್ಮ" ಎಂದರು ನನ್ನ ಹತ್ತಿರ ಹೇಳುವಾಗ. "ಅವರೂ ಬೆಳಗ್ಗಿಂದ ನೀರು ಕುಡ್ದಿರ್ಲಿಲ್ಲ. ಯಾರ್ಯಾರದೋ ಮದುವೆಗೆ ಲೋಡ್‌ಗಟ್ಟಲೆ ಹೂವು ಸುರ್ದಿದೀನಿ. ಇವ್ಳ ಮೇಲೆ ಒಂದು ಎಸಳು ಬೀಳ್ಲಿಲ್ಲ. ಚೀಲ ಕಾಂಪೌಂಡ್ ಮೇಲಿಟ್ಬುಟ್ಟು ಬಂದೆ."

ಆ ಕಾಯಿಲೆ ಅವರ ಮೂಗನ್ನೂ ತೆಗೆದುಕೊಂಡು ಹೋಯಿತು. ವಾಸನೆ ಆಮೇಲೆ ಬರಲೇ ಇಲ್ಲ. ಹೂ ಕೈಗೆ ತೆಗೆದುಕೊಂಡರೆ ಅಭ್ಯಾಸದಿಂದ ಮೂಗಿನ ತನಕ ಒಯ್ದು, ನೆನಪಾಗಿ, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಶ್ವಾಸಕೋಶವೂ ಸರಿಹೋಗಲಿಲ್ಲ. ಮದುವೆಗಳು ಮತ್ತೆ ಶುರುವಾದಾಗ ಏಣಿಯ ನಾಲ್ಕನೇ ಮೆಟ್ಟಿಲಿಗೆ ಉಸಿರು ಕಟ್ಟುತ್ತಿತ್ತು. ಕೆಲಸ ಅಣ್ಣನ ಮಗನಿಗೆ ಬಿಟ್ಟುಕೊಟ್ಟರು.

ಹೆಂಡತಿಯ ಫೋಟೊ ದೊಡ್ಡದು ಮಾಡಿಸಲು ಅಂಗಡಿಗೆ ಬಂದ ದಿನ ನಾನು ಯಾರದ್ದೋ ಹಳೇ ಕಪ್ಪು ಬಿಳುಪು ಫೋಟೊಗೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುತ್ತಿದ್ದೆ. ಕೆಳಗೆ ಕಂಪ್ಯೂಟರಿಗೆ ಜೋಡಿಸಿದ ಪ್ಯಾಡು, ಕೈಯಲ್ಲಿ ಅದರ ಪೆನ್ನು, ಎದುರಿಗೆ ಪರದೆ. ಅವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಹೂವು ಬರೀಬಹುದಾ?"

"ಏನ್ ಬೇಕಾದ್ರೂ ಬರೀಬಹುದು ಅಣ್ಣಾ."

ಮಾರನೆಯ ದಿನ ತಟ್ಟೆಯೊಂದರಲ್ಲಿ ತಾವೇ ಜೋಡಿಸಿದ ಸುಗಂಧರಾಜದ ಫೋಟೊ ತಂದರು. ನಾನು ಅದನ್ನು ಪರದೆಗೆ ಹಾಕಿ, ಫೋಟೊದ ಮೇಲೆ ಗಾಜಿನ ಹಾಳೆಯಂಥ ಇನ್ನೊಂದು ಪದರ ಇಟ್ಟು, ಅದರ ಮೇಲೆ ಬಣ್ಣ ಹಚ್ಚುವುದು ತೋರಿಸಿಕೊಟ್ಟೆ. ಅಡಿಯಲ್ಲಿ ಫೋಟೊ ಕಾಣುತ್ತಿರುತ್ತದೆ, ಬಣ್ಣ ಮಾತ್ರ ಮೇಲೆ ಕೂರುತ್ತದೆ. ತಪ್ಪಾದರೆ ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ. ಆ ಗುಂಡಿ ನೋಡಿ ಅವರಿಗೆ ಅಷ್ಟು ಸಮಾಧಾನವಾಗಲಿಲ್ಲ. "ಇದು ಮನುಷ್ಯನ ಅಭ್ಯಾಸ ಕೆಡಿಸ್ತದೆ" ಎಂದರು. ಆದರೂ ಮೊದಲ ವಾರ ಅದನ್ನೇ ಒತ್ತಿ ಒತ್ತಿ ಸವೆಸಿದರು.

ಕಿಟಕಿ ಪಕ್ಕದ ಮೇಜು ಅವರದಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದರೆ ಐದರ ತನಕ. ಕಲಿಯುವವರಿಗೆ ಇರುವ ಅವಸರ ಅವರಿಗಿರಲಿಲ್ಲ. ಒಂದು ಎಸಳಿಗೆ ಒಂದು ಮಧ್ಯಾಹ್ನ ಕೊಟ್ಟದ್ದು ನೋಡಿದ್ದೇನೆ. ನಾನು ನೆರಳಿಗೆ ಕಪ್ಪು ಹಾಕುವುದನ್ನು ಹೇಳಿಕೊಟ್ಟರೆ ತಲೆ ಅಲ್ಲಾಡಿಸಿದರು. "ಹೂವಿನ ನೆರಳು ಕಪ್ಪಿರಲ್ಲ ಕಣಮ್ಮ. ಬಿಳೀ ಸೇವಂತಿಗೆ ನೆರಳು ಹಸಿರು. ಚೆಂಡುಹೂವಿಂದು ಇಟ್ಟಿಗೆ ಬಣ್ಣ." ಹೋಗಿ ನೋಡಿದೆ. ಹೌದಾಗಿತ್ತು. ಇಪ್ಪತ್ತು ವರ್ಷದಿಂದ ಬಣ್ಣದ ಕೆಲಸ ಮಾಡುತ್ತಿದ್ದವಳು ನಾನು.

ಬಾಡಿದ ಎಸಳನ್ನೂ ಬಿಡದೆ ಬರೆಯುತ್ತಿದ್ದರು. ಕಂದು ಅಂಚು, ಮುರಿದ ತೊಟ್ಟು, ಇರುವೆ ಕೂಡ. "ಅದನ್ನ ತೆಗೆದ್ರೆ ಅದು ಆ ದಿನದ ಹೂವಲ್ಲ, ಪ್ಲಾಸ್ಟಿಕ್ ಆಯ್ತದೆ" ಎನ್ನುವುದು ಅವರ ವಾದ. ಎಲ್ಲ ಮುಗಿದ ಮೇಲೆ ನನ್ನನ್ನು ಕರೆಯುತ್ತಿದ್ದರು. "ಫೋಟೊ ತೆಗೀರಿ, ನಿಂತ್ಕೋತದಾ ನೋಡಣ." ಅಡಿಯಲ್ಲಿದ್ದ ಫೋಟೊ ಆಫ್ ಮಾಡುತ್ತಿದ್ದೆ. ಬಿಳಿಯ ಮೇಲೆ ಅವರ ಹೂವಷ್ಟೇ ಉಳಿಯುತ್ತಿತ್ತು. ಕೆಲವು ಸಲ ನಿಲ್ಲುತ್ತಿರಲಿಲ್ಲ. ಆಗ ಮತ್ತೆ ಮೊದಲಿಂದ ಕೂರುತ್ತಿದ್ದರು.

ಆ ಸುಗಂಧರಾಜ ಮುಗಿಯಲು ಎರಡು ತಿಂಗಳಾಯಿತು. ಕ್ಯಾನ್ವಾಸಿಗೆ ಪ್ರಿಂಟ್ ಹಾಕಿಕೊಟ್ಟೆ. ಹೆಂಡತಿಯ ಫೋಟೊದ ಕೆಳಗೆ ತೂಗುಹಾಕಿದರು. ಅದನ್ನು ನೋಡಿದ ಪಕ್ಕದ ಮನೆಯವರೊಬ್ಬರು ತಮ್ಮ ಅಣ್ಣನಿಗೂ ಹಾಗೆ ಒಂದು ಬರೆದುಕೊಡಿ ಎಂದು ಕೇಳಿದರು. ಅವರ ಅಣ್ಣನೂ ಅದೇ ಸಾಲಿನಲ್ಲಿ, ಅದೇ ಥರ, ಒಂದು ಹೂವಿಲ್ಲದೆ ಹೋದವನು. ಹೀಗೆ ಶುರುವಾಯಿತು. ಈ ಕಡೆ ಬಡಾವಣೆಗಳಲ್ಲಿ ಅಂಥ ಮನೆಗಳಿಗೆ ಆಗ ಬರ ಇರಲಿಲ್ಲ.

ಅವರದೊಂದು ಕ್ರಮ ಇತ್ತು. ಮನೆಯವರು ಕಳಿಸಿದ ಫೋಟೊ ಇಟ್ಟುಕೊಂಡು ಬರೆಯುತ್ತಿರಲಿಲ್ಲ. ಆ ಮನೆಗೆ ತಾವೇ ಹೋಗುತ್ತಿದ್ದರು. ಕೂತು ಕಾಫಿ ಕುಡಿದು, ಸತ್ತವರಿಗೆ ಯಾವ ಹೂವೆಂದರೆ ಇಷ್ಟ ಇತ್ತು ಎಂದು ಕೇಳುತ್ತಿದ್ದರು. ಇನ್ನೊಂದು ದಿನ ಆ ಹೂ ತಂದು, ಸತ್ತವರ ಫೋಟೊ ಎದುರಿಗೆ ಜೋಡಿಸಿ, ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದುಕೊಂಡು, ಹೂವನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಆ ಫೋಟೊದ ಮೇಲೆ ಬರೆದದ್ದು ತಿಂಗಳು, ಒಂದೂವರೆ ತಿಂಗಳ ಮೇಲೆ ಆ ಮನೆಗೆ ಹೋಗುತ್ತಿತ್ತು.

ಫೋಟೊಗೆ ಬೆಳಕು ತಿರುಗಿಸುವ ಬಿಳಿ ಬೋರ್ಡು ಹಿಡಿಯಲು ಕೆಲವು ಮನೆಗಳಿಗೆ ನಾನೂ ಹೋಗಿದ್ದೇನೆ. ವಿಜಯನಗರದಲ್ಲಿ ಒಬ್ಬರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹೆಂಡತಿಗೆ ಯಾವ ಹೂವು ಇಷ್ಟ ಎಂದು ಇವರು ಕೇಳಿದರು. "ಡ್ಯೂಟಿ ಮುಗ್ಸಿ ಬರ್ತಾ ಯಾವುದು ಸಿಕ್ತೋ ಅದು ತರ್ತಿದ್ದೆ. ಅವ್ಳೂ ಮುಡ್ಕೋತಿದ್ಳು. ಕೇಳ್ಳೇ ಇಲ್ಲ ಸಾರ್ ನಾನು" ಎಂದು ಕೂತುಬಿಟ್ಟರು. ಇವರು ಅವಸರ ಮಾಡಲಿಲ್ಲ. ಕಾಫಿ ಮುಗಿಸಿ, ಬೇಜಾರಿಲ್ಲದಿದ್ದರೆ ಅಮ್ಮನವರ ಬೀರು ತೆಗೆದು ನೋಡಬಹುದಾ ಎಂದು ಕೇಳಿದರು. ಸೀರೆಗಳ ಮಡಿಕೆಯಲ್ಲಿ ಒಣಗಿ ಕಪ್ಪಾದ ನಾಲ್ಕೈದು ಹೂವಿದ್ದವು. ಇವರಿಗೆ ವಾಸನೆ ತಿಳಿಯದು. ನನ್ನ ಕೈಗೆ ಕೊಟ್ಟು ಮೂಸಲು ಹೇಳಿದರು. ಸಂಪಿಗೆ. ಕಂಡಕ್ಟರ್ ಮಂಚದ ಅಂಚು ಹಿಡಿದುಕೊಂಡು, "ನಾನು ಒಂದಿನಾನೂ ಸಂಪಿಗೆ ತಂದಿಲ್ಲ" ಎಂದರು. ಇವರು ನನ್ನ ಕೈಯಿಂದ ಆ ಹೂ ತೆಗೆದು ಮತ್ತೆ ಸೀರೆಯ ಮಡಿಕೆಯಲ್ಲಿಟ್ಟರು. ವಾಪಸ್ ಬರುವಾಗ ಮೆಟ್ರೊ ಕಂಬದ ಕೆಳಗೆ ಸ್ಕೂಟರ್ ನಿಲ್ಲಿಸಿ ಇನ್‌ಹೇಲರ್ ಎಳೆದುಕೊಂಡು, "ನಮ್ಮವಳಿಗೆ ಯಾವುದು ಇಷ್ಟ ಅಂತ ನಾನೂ ಕೇಳಿರ್ಲಿಲ್ಲ. ಸುಗಂಧರಾಜ ಅಂತ ನಾನೇ ಅಂದ್ಕಂಡಿರೋದು" ಎಂದರು.

ಇನ್ನೊಂದು ಮನೆಯಲ್ಲಿ ಸತ್ತವನು ಇಪ್ಪತ್ತಾರರ ಹುಡುಗ, ಹೂವಿನ ಪರಾಗ ಆಗದ ಆಸ್ತಮಾದವನು. ಆ ಮನೆಗೆ ಇವರು ಹೂವೇ ಒಯ್ಯಲಿಲ್ಲ. ದವನ, ಮಾವಿನ ಎಲೆ, ವೀಳ್ಯದೆಲೆ ಇಟ್ಟು ಹಸಿರಲ್ಲೇ ಒಂದು ಬರೆದರು. ಅವರು ಬರೆದ ಇಪ್ಪತ್ತೊಂದರಲ್ಲಿ ಅದೇ ಒಳ್ಳೆಯದು ಎಂದು ನನ್ನ ಲೆಕ್ಕ.

ರಾಜಾಜಿನಗರದ ಮಿಸ್ ಬಂದದ್ದು ಹೆಚ್ಚುಕಡಿಮೆ ಕೊನೆಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಒಬ್ಬಳೇ ಮಗಳು, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಅವಳನ್ನೂ ಎರಡನೇ ಅಲೆ ತೆಗೆದುಕೊಂಡಿತ್ತು. ಅವಳು ದಿನಾ ಮುಡಿಯುತ್ತಿದ್ದದ್ದು ಕನಕಾಂಬರ, ಜೊತೆಗೆ ಎರಡು ಕಡ್ಡಿ ಮರುಗ. "ಪ್ಯಾಂಟು ಹಾಕ್ಕೊಂಡು ಕನಕಾಂಬರ ಮುಡ್ಕೊಂಡು ಹೋಗೋಳು. ಲ್ಯಾಬಲ್ಲಿ ಅಜ್ಜಿ ಅಂತ ರೇಗಿಸ್ತಿದ್ರಂತೆ" ಎಂದು ಮಿಸ್ ನಗುತ್ತಲೇ ಹೇಳಿದರು. ಮೂರನೇ ವರ್ಷದ ತಿಥಿಗೆ ಚಿತ್ರ ಬೇಕಾಗಿತ್ತು.

ಹಿತ್ತಾಳೆ ತಟ್ಟೆಯಲ್ಲಿ ಕನಕಾಂಬರ ರಾಶಿ ಮಾಡಿ, ಸುತ್ತ ಮರುಗ ಇಟ್ಟು ಫೋಟೊ ತೆಗೆದರು. ಬರೆಯಲು ಕೂತರೆ ಅದು ಸುಲಭಕ್ಕೆ ಬಗ್ಗುವ ಹೂವಲ್ಲ. ಎಸಳು ಕಾಗದದಷ್ಟು ತೆಳು. ಅರ್ಧಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಅವರು ಬರಲಿಲ್ಲ. ಉಸಿರಾಟ ಹದಗೆಟ್ಟು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಅಣ್ಣನ ಮಗ ಫೋನ್ ಮಾಡಿದರು. ತಿಥಿಗೆ ಒಂಬತ್ತು ದಿನ ಇತ್ತು.

ಮಿಸ್ ದಿನಾ ಫೋನ್ ಮಾಡುತ್ತಿದ್ದರು. ಜೋರು ಮಾಡುತ್ತಿರಲಿಲ್ಲ, ಅದೇ ಕಷ್ಟ. "ಅವರಿಗೆ ಹುಷಾರಾಗ್ಲಿ, ಮೊದ್ಲು ಅದು. ಆದ್ರೂ ಒಂದ್ ಸಲ ಕೇಳ್ತೀನಿ, ಗುರುವಾರಕ್ಕೆ ಆಗುತ್ತಾ ಅಮ್ಮ?" ಆಗಲ್ಲ ಮಿಸ್ ಎನ್ನಲು ನನಗೆ ಬಾಯಿ ಬರಲಿಲ್ಲ. ನೋಡ್ತೀನಿ ಮಿಸ್ ಎಂದೆ.

ನನ್ನ ಸಾಫ್ಟ್‌ವೇರಿನಲ್ಲಿ ಆ ಹೊತ್ತಿಗೆ ಹೊಸದೊಂದು ಬಟನ್ ಬಂದಿತ್ತು. ಯಾವ ಫೋಟೊ ಕೊಟ್ಟರೂ ಎಐ ಅದನ್ನು ಪೇಂಟಿಂಗ್ ಮಾಡಿಕೊಡುತ್ತದೆ. ಬುಧವಾರ ಬೆಳಗ್ಗೆ ಆ ಕನಕಾಂಬರದ ಫೋಟೊ ಕೊಟ್ಟು ಒತ್ತಿದೆ. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಆಗಿತ್ತು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಹಿತ್ತಾಳೆ ತಟ್ಟೆ ಹೊಳೆಯುತ್ತಿತ್ತು, ಹೂವಿನ ಮೇಲೆ ಬೆಳಗಿನ ಬಿಸಿಲು ಬಿದ್ದ ಹಾಗಿತ್ತು. ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿ, ಸಾಯಂಕಾಲ ನಾನೇ ಒಯ್ದು ಕೊಟ್ಟೆ. ಮಿಸ್ ಅದನ್ನು ನೋಡುತ್ತಾ ನಿಂತರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಆಸ್ಪತ್ರೆಗೆ ಹೋಗೋಕ್ ಮುಂಚೆ ಮುಗ್ಸಿಟ್ಟಿದ್ರಾ?" ಎಂದರು.

"ಹೂಂ ಮಿಸ್" ಎಂದೆ.

ಹದಿನೈದು ದಿನ ಬಿಟ್ಟು ಅವರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಅಂಗಡಿಗೆ ಬಂದರು. ಅರ್ಧ ಆಗಿದ್ದರು. ಶರ್ಟು ಮೊಳೆಗೆ ತೂಗುಹಾಕಿದ ಹಾಗಿತ್ತು. ಕಿಟಕಿ ಪಕ್ಕ ಕೂತು ಪೆನ್ನು ತೆಗೆದುಕೊಂಡು "ಮಿಸ್‌ದು ತೆಗೀರಿ. ತಿಥಿ ತಪ್ಪೋಯ್ತು, ಪಾಪ. ಬೇಗ ಮುಗ್ಸಾಣ" ಎಂದರು. ನಾನು ನಡೆದದ್ದು ಹೇಳಿದೆ. ಬಹಳ ಸಹಾಯ ಮಾಡಿದವಳ ದನಿಯಲ್ಲೇ ಹೇಳಿದೆ ಎಂದು ಈಗ ನೆನಪಾಗುತ್ತದೆ.

"ತೋರ್ಸಿ" ಎಂದರು.

ತೋರಿಸಿದೆ. ಕನ್ನಡಕ ಒರೆಸಿಕೊಂಡು ಹತ್ತಿರ ಬಗ್ಗಿದರು. ದೊಡ್ಡದು ಮಾಡಿ ಎಂದರು. ಮಾಡಿದೆ. ಇನ್ನೂ ಎಂದರು.

"ಇದ್ಯಾವ ಹೂವಮ್ಮ?"

"ಕನಕಾಂಬರ ಅಲ್ವಾ ಅಣ್ಣಾ."

"ಕನಕಾಂಬರಕ್ಕೆ ಸುತ್ತಲೂ ಎಸಳಿರಲ್ಲ. ಬೀಸಣಿಗೆ ಥರ ಒಂದೇ ಪಕ್ಕಕ್ಕೆ ಬಿಚ್ಕೋತದೆ. ಇದಕ್ಕೆ ನೋಡಿ, ಗುಂಡಗೆ ಐದೆಸಳು." ಪರದೆಯ ಮೇಲೆ ಬೆರಳಿಟ್ಟರು. "ಮರುಗಾನೂ ಅಲ್ಲ ಇದು. ಇಂಥ ಎಲೆ ಇಲ್ಲ. ಇದು ಯಾವ ತೋಟದಲ್ಲೂ ಬೆಳೆಯೋ ಹೂವಲ್ಲ ಕಣಮ್ಮ. ಆ ಹುಡುಗಿ ತಲೇಲಿ ಯಾವತ್ತೂ ಇರ್ಲಿಲ್ಲ ಇದು."

ನಾನು ದಿನಾ ನೋಡುವ ಹೂವು. ಗಮನಿಸಿಯೇ ಇರಲಿಲ್ಲ. ಸಾರಿ ಅಣ್ಣಾ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ಅರ್ಧ ಚಿತ್ರ ತೆರೆಸಿಕೊಂಡು ಅಲ್ಲಿಂದಲೇ ಶುರುಮಾಡಿದರು.

ಮುಗಿಸಲು ಮೂರು ವಾರ ಹಿಡಿಯಿತು. ಇಪ್ಪತ್ತು ನಿಮಿಷ ಬರೆದರೆ ಅರ್ಧ ಗಂಟೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೇಡ ಬಿಡಿ ಅಣ್ಣಾ, ಅವರಿಗೆ ಗೊತ್ತಾಗಲ್ಲ ಎಂದೆ ಒಂದು ದಿನ. "ಮಿಸ್ ಸೈನ್ಸ್ ಟೀಚರ್ರು. ಇವತ್ತಲ್ಲ ನಾಳೆ ನೋಡ್ತಾರೆ. ನೋಡ್ದಾಗ ಏನಂದ್ಕೋತಾರೆ?" ಎಂದರು. ಕೊನೆಯ ದಿನ ಕರೆದರು. ಫೋಟೊ ಆಫ್ ಮಾಡಿದೆ. ನಿಂತಿತು. ಅಂಚಿನಲ್ಲಿ ಒಂದು ಹೂ ಬಾಡಿ ಮಡಚಿಕೊಂಡಿತ್ತು. ಬಣ್ಣ ಹೊಳೆಯುತ್ತಿರಲಿಲ್ಲ. ಕನಕಾಂಬರ ಹೊಳೆಯುವ ಹೂವೇ ಅಲ್ಲ.

ಅದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಕೊಂಡು ಇಬ್ಬರೂ ಆಟೊದಲ್ಲಿ ರಾಜಾಜಿನಗರಕ್ಕೆ ಹೋದೆವು. ಎಲ್ಲ ನಾನೇ ಹೇಳ್ತೀನಿ, ನೀವು ಸುಮ್ನಿರಿ ಎಂದು ದಾರಿಯಲ್ಲೇ ಹೇಳಿದ್ದರು. ಮಿಸ್ ಬಾಗಿಲು ತೆಗೆದರು. ನಡುಮನೆಯಲ್ಲಿ ಮಗಳ ಫೋಟೊ, ಅದರ ಪಕ್ಕದಲ್ಲಿ ಆ ಚಿತ್ರ, ಮುಂದೆ ದೀಪ. ಮಿಸ್ ಮೊದಲು ಅವರ ಆರೋಗ್ಯ ವಿಚಾರಿಸಿದರು. ಆಮೇಲೆ ಅವರಿಗೆ ಕೈ ಮುಗಿದರು.

"ಬೆಳಗ್ಗೆ ಎದ್ದ ತಕ್ಷಣ ಇದರ ಮುಂದೆ ಕೂತ್ಕೋತೀನಿ. ಮೂರು ವರ್ಷ ನಂಗೆ ನಿದ್ದೆ ಇರ್ಲಿಲ್ಲ. ಈಗ ಒಂದ್ ತಿಂಗಳಿಂದ ಮಲಗ್ತಾ ಇದೀನಿ."

ಅವರು ಗೋಡೆಯ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಕೈಯಲ್ಲಿದ್ದ ಕಟ್ಟು ನೋಡಿ ಮಿಸ್ ಅದೇನು ಎಂದು ಕೇಳಿದರು.

"ಇನ್ನೊಂದು ಮಾಡಿದ್ದೆ ಮಿಸ್, ಅದೇ ತಟ್ಟೇದು. ಯಾವುದು ಬೇಕೋ ನೋಡಿ ಅಂತ" ಎಂದರು.

ಬಿಚ್ಚಿ ಸೋಫಾದ ಮೇಲೆ ನಿಲ್ಲಿಸಿದರು. ಮಿಸ್ ಎರಡನ್ನೂ ನೋಡಿದರು. ಪಾಠ ಮಾಡಿದವರಲ್ಲವೇ, ಎದುರಿನವರಿಗೆ ನೋವಾಗದ ಹಾಗೆ ಮಾತು ಹುಡುಕುವುದು ಗೊತ್ತಿತ್ತು. "ಇದೂ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಹೂವು ಬಾಡಿದೆ ಅಲ್ವಾ. ಅದ್ರಲ್ಲಿ ಏನೋ ಬೆಳಕಿದೆ. ಅವಳೇ ನಕ್ಕ ಹಾಗಿದೆ. ನಂಗೆ ಅದೇ ಇರ್ಲಿ."

"ಆಯ್ತು ಮಿಸ್. ಇರ್ಲಿ ಬಿಡಿ" ಎಂದರು. ಮತ್ತೆ ನ್ಯೂಸ್‌ಪೇಪರ್ ಸುತ್ತಿ ದಾರ ಕಟ್ಟಿದರು. ಹೂವಿನವರ ಗಂಟು, ಒಂದೇ ಕೈಯಲ್ಲಿ ಬೀಳುತ್ತದೆ.

ವಾಪಸ್ ಆಟೊ ಹತ್ತಿದೆವು. ಯಾಕೆ ಹೇಳಲಿಲ್ಲ ಎಂದು ನಾನೇ ಕೇಳಿದೆ.

"ಹೇಳಿದ್ರೆ ಆಯಮ್ಮಂಗೆ ಮಗಳು ಎರಡನೇ ಸಲ ಹೋದಂಗಾಯ್ತದೆ." ಉಸಿರು ಎಳೆದುಕೊಳ್ಳಲು ನಿಲ್ಲಿಸಿದರು. "ನಿಮ್ಮೇಲೆ ಕೋಪ ಇಲ್ಲ ಕಣಮ್ಮ. ಕಷ್ಟ ನೋಡಿ ಮಾಡಿದ್ರಿ. ಆದ್ರೆ ನಂಗೆ ಇನ್ನು ಬರೆಯೋಕೆ ಕೈ ಹೋಗಲ್ಲ."

ಆಮೇಲೆ ಅವರು ಅಂಗಡಿಗೆ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. "ಕೆಮ್ಮು ಜಾಸ್ತಿ ಆಗೈತೆ, ಕಮ್ಮಿ ಆಗ್ಲಿ, ಬತ್ತೀನಿ" ಎಂದರು. ಅವರ ಮನೆ ನನ್ನ ಸ್ಕೂಟರಿಗೆ ಹದಿನೈದು ನಿಮಿಷದ ದಾರಿ. ಹೋಗಬಹುದಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಂಡು ನಾಲ್ಕು ತಿಂಗಳು ಹೋಗಲಿಲ್ಲ. ಹೋದರೆ ಏನು ಮಾತಾಡಬೇಕು ಎಂದು ಗೊತ್ತಿರಲಿಲ್ಲ, ಅದು ನಿಜ. ಐದನೇ ತಿಂಗಳು ಬ್ಯಾನರಿಗಾಗಿ ಅಣ್ಣನ ಮಗ ಬಂದರು.

ನಾನು ಹೋದಾಗ ಅವರನ್ನು ಮನೆ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ಅವರ ಜೊತೆ ಮಂಟಪದ ಕೆಲಸ ಮಾಡಿದವರು, ಮಾರ್ಕೆಟ್ಟಿನ ಹೂವಿನವರು, ಚೀಲ ಚೀಲ ಹೂವು ತಂದು ಸುರಿದಿದ್ದರು. ಕುತ್ತಿಗೆವರೆಗೆ ಹೂವೇ. ಮುಖ ಮಾತ್ರ ಕಾಣುತ್ತಿತ್ತು. ಒಬ್ಬ ಮುದುಕರು ಜಾರಿಬೀಳುತ್ತಿದ್ದ ಹಾರವನ್ನು ಸರಿಮಾಡಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಮತ್ತೆ ಹೋಗಿ ಸ್ವಲ್ಪ ಎಡಕ್ಕೆ ಎಳೆದರು. ನೀರು ಕೇಳಲು ಒಳಗೆ ಹೋದಾಗ ಕೋಣೆಯ ಬಾಗಿಲ ಹಿಂದೆ ಆ ಕಟ್ಟು ಕಂಡಿತು. ಅದೇ ನ್ಯೂಸ್‌ಪೇಪರು, ಅದೇ ಗಂಟು. ಬಿಚ್ಚಿರಲಿಲ್ಲ.

ಕೆಲವು ತಿಂಗಳ ಮೇಲೆ ಮಿಸ್ ಅಂಗಡಿಗೆ ಬಂದರು. ಮಗಳ ತಿಥಿ ಮತ್ತೆ ಹತ್ತಿರ ಬಂದಿತ್ತು. ಅವರು ಹೋದ ವಿಷಯ ಮಿಸ್‌ಗೆ ಗೊತ್ತಿರಲಿಲ್ಲ. ಹೇಳಿದೆ. ಕುರ್ಚಿ ಎಳೆದುಕೊಂಡು ಕೂತರು. "ಎಂಥ ಕೈ ಅವರದ್ದು" ಎಂದರು. ತಿಥಿಗೆ ಬರುವ ನೆಂಟರಿಗೆ ಕೊಡಲು ಆ ಚಿತ್ರದ ಆರು ಸಣ್ಣ ಪ್ರಿಂಟ್ ಬೇಕು ಎಂದರು.

"ಕೆಳಗೆ ಅವರ ಹೆಸರು ಹಾಕ್ಕೊಡಿ ಅಮ್ಮ. ಯಾರು ಬರೆದದ್ದು ಅಂತ ಜನಕ್ಕೆ ಗೊತ್ತಾಗ್ಲಿ."

"ಅವರು ಯಾವುದಕ್ಕೂ ಹೆಸರು ಹಾಕ್ತಿರ್ಲಿಲ್ಲ ಮಿಸ್."

"ಇದ್ದಾಗ ಹಾಕ್ಲಿಲ್ಲ, ದೊಡ್ಡವರು. ಈಗ ನಾವು ಹಾಕ್ಬೇಕಲ್ವಾ?"

ಪರದೆಯ ಮೇಲೆ ಎರಡೂ ಫೈಲುಗಳಿದ್ದವು. ಒಂದು ಅವರದು, ಒಂದು ಮಿಷನ್ನಿನದು. ಆಗಲೂ ಹೇಳಬಹುದಿತ್ತು. ಅವರು ಆಟೊದಲ್ಲಿ ಅಂದ ಮಾತು ನೆನಪಾಗಿ ಹೇಳಲಿಲ್ಲವೋ, ಆ ಮಾತಿನ ಹಿಂದೆ ನಾನು ಅಡಗಿಕೊಂಡೆನೋ, ಇವತ್ತಿಗೂ ನನಗೆ ತಿಳಿಯದು. ಮಿಸ್ ತೋರಿಸಿದ ಫೈಲನ್ನೇ ತೆರೆದೆ. ಬಲಗಡೆ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು ಟೈಪ್ ಮಾಡಿದೆ. ಮಿಸ್ ಕನ್ನಡಕ ಹಾಕಿಕೊಂಡು ಬಗ್ಗಿ, ಒತ್ತಕ್ಷರ ಸರಿಯಾಗಿದೆಯಾ ಎಂದು ನೋಡಿದರು.

"ಸರಿಯಾಗಿದೆ" ಎಂದರು.

ಈ ಬರಹದಲ್ಲಿ ನಾನು ಅವರ ಹೆಸರು ಎಲ್ಲೂ ಎತ್ತಿಲ್ಲ. ಅದು ಆರು ಮನೆಗಳ ಗೋಡೆಯ ಮೇಲಿದೆ, ಅವರು ಬರೆಯದ ಚಿತ್ರದ ಕೆಳಗೆ.